ಉಳ್ಳಾಗಡ್ಡಿಗಿಂತ ಮೊದಲು ಚೀಲ

ಸೊಲ್ಲಾಪುರದಿಂದ ವಿಜಯಪುರದ ಹೆದ್ದಾರಿ ಹಿಡಿದು ಸೋರೇಗಾವ, ಹತ್ತೂರ ದಾಟಿ, ವಡಕಬಾಳದಲ್ಲಿ ಸೀನಾ ಹೊಳೆಯ ಸೇತುವೆ ಇಳಿದರೆ ಮುಂದೆ ಸಿಗುವುದು ತೇರಾಮೈಲ್. ಮೈಲಿಗಲ್ಲು ಹೋಗಿ ಕಿಲೋಮೀಟರಿನ ಕಲ್ಲು ಬಂತು, 13ನೇ ನಂಬರಿನ ಹೆದ್ದಾರಿ 52 ಆಯಿತು, ಹೆಸರು ಮಾತ್ರ ಹದಿಮೂರನೇ ಮೈಲಿಯಲ್ಲೇ ನಿಂತಿದೆ. ಪಕ್ಕದಲ್ಲೇ ಮಂದ್ರೂಪ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ದೊಡ್ಡ ಊರುಗಳಲ್ಲಿ ಒಂದು. ಚಹಾದಂಗಡಿಯ ಫಲಕ ಮರಾಠಿಯಲ್ಲಿ, ಒಳಗಿನ ಹರಟೆ ಕನ್ನಡದಲ್ಲಿ, ಉದ್ರಿ ಲೆಕ್ಕ ಎರಡರಲ್ಲೂ.

ಗಣಪತಿ ಕಳುಹಿಸಿ ಆಗಿತ್ತು, ಮಹಾನವಮಿಗೆ ಇನ್ನೂ ದಿನಗಳಿದ್ದವು. ಹೊಲದಲ್ಲಿ ಉಳ್ಳಾಗಡ್ಡಿ ಈಗಷ್ಟೇ ಗಡ್ಡೆ ಕಟ್ಟುತ್ತಿತ್ತು. ಇಂಥ ಹೊತ್ತಿನಲ್ಲಿ ಪೇಪರಿನವರು ಬಂದು ಕೇಳುವುದು ಈ ಸಲ ದರ ಏನಾಗಬಹುದು ಅಂತ. ಬಾಕಿನ ಮೇಲೆ ಕೂತವರು ತಮ್ಮ ತಮ್ಮಲ್ಲಿ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಬೇರೆ.

‘ಚೀಲ ಹಿಡದ್ಯೇನ್?’

‘ಇನ್ನಾ ಇಲ್ಲ. ಅಡತ್ಯಾ ಕೊಡ್ತೀನಿ ಅಂದಾನ.’

‘ಅವ ಕೊಡ್ತಾನ. ಆಮ್ಯಾಲ ಬಿಡಾಂಗಿಲ್ಲ.’

ಅಡತ್ಯಾ ಅಂದರೆ ಪೇಟೆಯಲ್ಲಿ ರೈತನ ಮಾಲು ಮಾರಿಸಿಕೊಡುವ ದಲ್ಲಾಳಿ. ಆ ಕೊನೆಯ ಮಾತಾಡಿದವರ ಜೊತೆಗೇ ನಾನು ಸೊಲ್ಲಾಪುರಕ್ಕೆ ಹೊರಟಿದ್ದು. ಊರಿನವರೆಲ್ಲ ಕಾಕಾ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಮೂರು ಎಕರೆ ಉಳ್ಳಾಗಡ್ಡಿ. ಒಂದು ಎಕರೆಗೆ ನೂರು ಕ್ವಿಂಟಲ್ ಬಂದರೆ ಚೀಲಕ್ಕೆ ಐವತ್ತು ಕಿಲೋ ಲೆಕ್ಕದಲ್ಲಿ ಇನ್ನೂರು ಚೀಲ. ಮೂರು ಎಕರೆಗೆ ಆರುನೂರು. ಮಳೆ ಕೈಕೊಟ್ಟರೆ ಅರ್ಧ ಸಾಕು. ಆದರೆ ಅರ್ಧ ಸಾಕೋ ಪೂರ್ತಿ ಬೇಕೋ ಅನ್ನುವುದು ಗೊತ್ತಾಗುವ ಹೊತ್ತಿಗೆ ಪೇಟೆಯಲ್ಲಿ ಹಳೇ ಚೀಲ ಉಳಿದಿರುವುದಿಲ್ಲ.

ಈ ಅವಸರ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಹಿಂಗಾರಿ ಉಳ್ಳಾಗಡ್ಡಿಯಾದರೆ ಒಣಗಿಸಿ, ಗಾಳಿ ಆಡುವ ಚಪ್ಪರದಲ್ಲಿ ತಿಂಗಳುಗಟ್ಟಲೆ ಇಟ್ಟು, ದರ ನೋಡಿ ಮಾರಬಹುದು. ಮುಂಗಾರಿ ಗಡ್ಡೆಗೆ ಆ ತಾಳ್ಮೆ ಇಲ್ಲ. ತೆಳು ಸಿಪ್ಪೆ, ಒಳಗೆ ನೀರು. ಕಿತ್ತು, ದಂಟು ಕೊಯ್ದು, ಸ್ವಲ್ಪ ಆರಿಸಿ ಪೇಟೆಗೆ ಸಾಗಿಸದಿದ್ದರೆ ರಾಶಿಯಲ್ಲೇ ಕೊಳೆಯುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಇಡೀ ಸೀಮೆಯ ಫಸಲು ಒಟ್ಟಿಗೆ ಹೊರಬೀಳುತ್ತದೆ, ಎಲ್ಲರಿಗೂ ಒಟ್ಟಿಗೇ ಚೀಲ ಬೇಕು.

ಇನ್ನೊಂದು ಕಾರಣ ಸೊಲ್ಲಾಪುರದ ರೂಢಿಯದು. ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ ರೈತ ಟ್ರ್ಯಾಕ್ಟರಿನಲ್ಲಿ ಸಡಿಲ ಗಡ್ಡೆ ತುಂಬಿಕೊಂಡು ಬರುತ್ತಾನೆ. ಟ್ರ್ಯಾಕ್ಟರಿನ ಮುಂದೆಯೇ ಸವಾಲು, ಅಂದರೆ ಹರಾಜು, ನಡೆಯುತ್ತದೆ. ಚೀಲದ ಚಿಂತೆ ಖರೀದಿದಾರನದು. ಸೊಲ್ಲಾಪುರಕ್ಕೆ ಮಾಲು ಬರುವುದೇ ಚೀಲದಲ್ಲಿ. ಹೈದರಾಬಾದ್ ರಸ್ತೆಯ ಸಿದ್ಧೇಶ್ವರ ಮಾರುಕಟ್ಟೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಚೀಲಗಳಲ್ಲಿ ಒಂದೆರಡನ್ನು ಬಿಚ್ಚಿ ಸುರಿಸಿ ನೋಡಿ ಸವಾಲು ಕೂಗುತ್ತಾರೆ. ಅಲ್ಲಿಂದ ಅದೇ ಚೀಲ ಹೈದರಾಬಾದು, ಬೆಂಗಳೂರು, ಚೆನ್ನೈ ಕಡೆ ಹೋಗುತ್ತದೆ. ವಿಜಯಪುರ, ಕಲಬುರಗಿ ಜಿಲ್ಲೆಗಳ ರೈತರೂ ಗಡಿ ದಾಟಿ ಇಲ್ಲಿಗೇ ತರುತ್ತಾರೆ. ಹಂಗಾಮಿನಲ್ಲಿ ಒಂದೇ ದಿನಕ್ಕೆ ಸಾವಿರ ಲಾರಿ ದಾಟಿದ್ದುಂಟು. ಲಾರಿಗೆ ಹತ್ತೇ ಟನ್ ಅಂತ ಹಿಡಿದರೂ ಆ ಒಂದು ದಿನಕ್ಕೆ ಎರಡು ಲಕ್ಷ ಚೀಲ ಬೇಕಾಯಿತು. ಅಷ್ಟೂ ಹೊಸದಾಗಿರಬೇಕಾದರೆ ರೈತನ ಕಥೆ ಮುಗಿದಂತೆ. ಅವು ಹೊಸವಲ್ಲ, ಅಕ್ಕಿ, ಗೋಧಿ, ಬೇಳೆ, ಸಕ್ಕರೆ ಹೊತ್ತು ಬಂದು ಖಾಲಿಯಾದ ಚೀಲಗಳು. ಪೇಟೆಯಲ್ಲಿ ಅವಕ್ಕೆ ಬಾರದಾನ ಎಂಬ ಒಂದೇ ಹೆಸರು.

ಮಂದ್ರೂಪದಲ್ಲೇ ಸಿಗುವುದಿಲ್ಲವೇ? ಸಿಗುತ್ತವೆ, ಬಿಡಿಬಿಡಿಯಾಗಿ. ಕಿರಾಣಿ ಅಂಗಡಿಯಲ್ಲಿ ಹತ್ತು, ಖಾನಾವಳಿಯಲ್ಲಿ ಐದು, ಹಿಟ್ಟಿನ ಗಿರಣಿಯಲ್ಲಿ ಇನ್ನಷ್ಟು. ಅದರಲ್ಲಿ ಅರ್ಧ ಈಗ ಬಿಳಿ ಪ್ಲಾಸ್ಟಿಕ್ ಚೀಲ. ಪ್ಲಾಸ್ಟಿಕ್‌ನಲ್ಲಿ ಮುಂಗಾರಿ ಗಡ್ಡೆ ಬೆವರುತ್ತದೆ, ಬೆವರಿದ್ದು ಕೊಳೆಯುತ್ತದೆ. ಕೆಂಪು ಜಾಳಿಗೆ ಚೀಲದಲ್ಲಿ ಗಾಳಿ ಆಡುತ್ತದೆ ನಿಜ, ಆದರೆ ಒಟ್ಟುವಾಗ ಮೇಲಿನ ಚೀಲದ ಭಾರಕ್ಕೆ ಕೆಳಗಿನ ಗಡ್ಡೆ ಜಜ್ಜುತ್ತದೆ ಅನ್ನುವುದು ಇಲ್ಲಿಯವರ ದೂರು. ಗೋಣಿಚೀಲಕ್ಕೆ ಮನಸ್ಸು ಹೋಗುವುದು ಅದಕ್ಕೇ. ಆರುನೂರು ಗೋಣಿಚೀಲ ಒಟ್ಟಿಗೆ ಬೇಕಾದರೆ ಪೇಟೆಯ ಗೋದಾಮಿಗೇ ಹೋಗಬೇಕು. ಇಲ್ಲವೇ ಅಡತ್ಯಾನ ಮುಂದೆ ನಿಲ್ಲಬೇಕು.

ಅಡತ್ಯಾನ ಚೀಲದ ಬಗ್ಗೆ ಕಾಕಾ ಟೆಂಪೊದಲ್ಲಿ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಅಂವಾ ಚೀಲ ಪುಕ್ಕಟ ಕೊಟ್ಟಾಂಗ ಕೊಡ್ತಾನ. ಮಾಲು ಅವನ ಅಂಗಡಿಗೇ ಹಾಕಬೇಕ. ಬಾಜೂದಾಂವ ನೂರು ರೂಪಾಯಿ ಹೆಚ್ಚಿಗಿ ಕೊಡ್ತೀನಿ ಅಂದ್ರೂ ಕಾಲು ಎತ್ತಾಕ ಬರಾಂಗಿಲ್ಲ. ಚೀಲದ ಮ್ಯಾಲ ಅವನ ಹೆಸರು ಇರ್ತದಲ್ಲ!’ ಅವರು ಹೆಸರು ಅಂದದ್ದು ಅಚ್ಚು ಹೊಡೆದ ಹೆಸರಲ್ಲ, ಸಾಲದ ಹೆಸರು. ಮಹಾರಾಷ್ಟ್ರದಲ್ಲಿ 2016ರ ಜುಲೈನಿಂದ ಹಣ್ಣು ತರಕಾರಿಯ ಅಡತವನ್ನು, ಅಂದರೆ ಅಡತ್ಯಾನ ಕಮಿಷನ್ನನ್ನು, ರೈತನಿಂದ ಕಡಿಯುವಂತಿಲ್ಲ, ಖರೀದಿದಾರನಿಂದ ವಸೂಲಿ ಮಾಡಬೇಕು. ಒಳ್ಳೆಯ ಕಾನೂನು. ಆದರೆ ರೈತನನ್ನು ಒಂದೇ ಅಂಗಡಿಗೆ ಕಟ್ಟಿಹಾಕಲು ಅಡತವೇ ಬೇಕಿಲ್ಲ, ಸುತಳಿಯೂ ಚೀಲವೂ ಸಾಕು.

ವಡಕಬಾಳದ ಸೇತುವೆ ಬಂದಾಗ ಕಾಕಾ ಮಾತು ನಿಲ್ಲಿಸಿ ಹೊಳೆ ನೋಡಿದರು. 2025ರ ಸೆಪ್ಟೆಂಬರಿನಲ್ಲಿ ಸೀನಾ ಉಕ್ಕಿ ಈ ಹೆದ್ದಾರಿಯೇ ಬಂದಾಗಿತ್ತು. ಹೊಳೆಸಾಲಿನ ಮನೆಗಳಲ್ಲಿ ಕಾಳುಕಡಿಯ ಜೊತೆಗೆ ಅಟ್ಟದ ಕೆಳಗೆ ಕೂಡಿಟ್ಟ ಚೀಲಗಳೂ ನೆನೆದುಹೋದವು. ನೆನೆದ ಗೋಣಿ ಒಣಗಿದ ಮೇಲೆ ನೋಡಲು ನೆಟ್ಟಗಿರುತ್ತದೆ, ಐವತ್ತು ಕಿಲೋ ತುಂಬಿ ಹಮಾಲ ಕಿವಿ ಹಿಡಿದು ಎತ್ತಿದಾಗ ಕಿವಿ ಕೈಯಲ್ಲೇ ಉಳಿಯುತ್ತದೆ.

ನಾವು ಹೋದ ಗೋದಾಮು ಮಾರುಕಟ್ಟೆಯಿಂದ ತುಸು ದೂರದ ಓಣಿಯಲ್ಲಿ. ಹೊರಗೆ ಫಲಕವಿಲ್ಲ, ಬಾಗಿಲ ಮುಂದೆ ಬಿದ್ದ ಸೆಣಬಿನ ಧೂಳೇ ಗುರುತು. ಒಳಗೆ ಕಾಲಿಟ್ಟರೆ ಮೊದಲು ಸೀನು, ಆಮೇಲೆ ಕತ್ತಲು, ಕಣ್ಣು ಹೊಂದಿಕೊಂಡ ಮೇಲೆ ತಗಡಿನ ಮಾಡಿನವರೆಗೆ ಒಟ್ಟಿದ ಗಂಟುಗಳು. ಒಂದು ಮೂಲೆಯಲ್ಲಿ ಹೊಸ ಮಾಲಿನ ವಾಸನೆ, ಸೀಮೆಎಣ್ಣೆಗೆ ಹತ್ತಿರದ್ದು. ಮಿಲ್ಲಿನಲ್ಲಿ ಸೆಣಬಿನ ನಾರು ಮೆದುವಾಗಲು ಎಣ್ಣೆ ಹಾಕುತ್ತಾರೆ, ಅದರ ವಾಸನೆ. ಹಳೆಯದಾದಂತೆ ಅದು ಹೋಗಿ ಹೊತ್ತ ಮಾಲಿನ ವಾಸನೆ ಕೂರುತ್ತದೆ. ಶೇಂಗಾದ ಚೀಲಕ್ಕೆ ಜಿಡ್ಡು, ಸಕ್ಕರೆಯದಕ್ಕೆ ಇರುವೆ. ಒಣಮೆಣಸಿನಕಾಯಿಯದು ಎಲ್ಲಿದೆ ಅಂತ ಯಾರೂ ಹೇಳಬೇಕಾಗಿಲ್ಲ.

ಬಾಗಿಲ ಬೆಳಕಿನಲ್ಲಿ ನಾಲ್ಕೈದು ಹೆಣ್ಣುಮಕ್ಕಳು ಕೂತು ಚೀಲ ವಿಂಗಡಿಸುತ್ತಿದ್ದರು. ಕೆಲಸದ ವರಸೆ ನೋಡುವಂಥದ್ದು. ಚೀಲ ಎತ್ತಿ ಒಳಗೆ ಕೈ ತೂರಿಸಿ ಬಾಗಿಲ ಕಡೆ ಹಿಡಿಯುತ್ತಾರೆ. ತೂತಿದ್ದರೆ ಬೆಳಕು ಹೇಳುತ್ತದೆ. ಕೊಡವಿ, ಮಗುಚಿ, ಇನ್ನೊಂದು ಸಲ ಕೊಡವುತ್ತಾರೆ. ತೂತೇ ಇಲ್ಲದ್ದು ಒಂದನೇ ನಂಬರು. ಸಣ್ಣ ತೂತಿದ್ದು ದಬ್ಬಣ ಸುತಳಿಯಿಂದ ಹೊಲಿದರೆ ಕೂಡುವಂಥದ್ದು ಎರಡನೆಯದು. ಇನ್ನೊಂದು ಚೀಲದ ತುಂಡು ಕತ್ತರಿಸಿ ಠಿಗಳ ಹಾಕಿದ್ದು ಮೂರನೆಯದು. ಅದಕ್ಕೂ ಬಾರದ್ದು ಕಟ್ಟಡದ ಕೆಲಸಕ್ಕೆ ಹೋಗುತ್ತದೆ. ಹೊಸ ಕಾಂಕ್ರೀಟಿಗೆ ನೀರು ಉಣಿಸುವಾಗ ಮೇಲೆ ಹೊದಿಸುತ್ತಾರೆ.

‘ಅಕ್ಕಾ, ದಿನಕ್ಕ ಎಷ್ಟ ಹೊಲೀತೀರಿ?’ ಅಂದೆ. ‘ಹರದಷ್ಟ,’ ಅಂದಳು ಒಬ್ಬಳು, ಕತ್ತೆತ್ತದೆ. ಅವಳ ಮನೆಮಾತು ತೆಲುಗು. ಪಕ್ಕದವಳ ಜೊತೆ ದಖನಿ, ಗೋದಾಮಿನ ಸಾವ್ಕಾರರ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಸಂಬಳ ಚೀಲದ ಲೆಕ್ಕದಲ್ಲಿ. ಈ ಊರಿನ ಬೀಡಿ ಕಟ್ಟುವ ಹೆಂಗಸರಿಗೂ ಸಾವಿರದ ಲೆಕ್ಕವೇ ಹೊರತು ದಿನದ ಲೆಕ್ಕವಿಲ್ಲ. ಧೂಳಿಗೆ ಮೂಗಿನ ಮೇಲೆ ಕಟ್ಟಿಕೊಂಡದ್ದು ಸೆರಗು. ಒಂದು ಚೀಲದ ಆಯುಷ್ಯವನ್ನು ಎರಡು ಪಟ್ಟು ಮಾಡುವುದು ಇವರ ದಬ್ಬಣ. ಇಡೀ ವ್ಯಾಪಾರದಲ್ಲಿ ಅತಿ ಕಡಿಮೆ ಸಿಗುವುದೂ ಇವರಿಗೇ.

ಚೀಲದ ಮೈಮೇಲಿನ ಅಚ್ಚು ಓದುತ್ತ ಕೂತರೆ ದೇಶ ತಿರುಗಿದಂತೆ. 50 ಕೆ.ಜಿ., 580 ಗ್ರಾಂ ಎಂದು ಒಂದು ಮುದ್ರೆ. ಧಾನ್ಯದ ಚೀಲಕ್ಕೆ ಸರ್ಕಾರ ಗೊತ್ತುಮಾಡಿದ ಅಳತೆ ಅದು. ಉದ್ದ 94 ಸೆಂಟಿಮೀಟರು, ಅಗಲ 57. ಹೊಸದು ಬರುವುದು ಐನೂರರ ಬೇಲಿನಲ್ಲಿ. ಹುಟ್ಟೂರು ಹೂಗ್ಲಿ ನದಿಯ ದಂಡೆ. 1855ರಲ್ಲಿ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಇಂದಿಗೂ ದೇಶದ ಗೋಣಿಯ ಬಹುಪಾಲು ಬಂಗಾಳದಿಂದಲೇ ಬರುತ್ತದೆ. ಮುದ್ರೆಯ ಕೆಳಗೆ ಪಂಜಾಬಿನ ಖರೀದಿ ಸಂಸ್ಥೆಯೊಂದರ ಹೆಸರು, ಯಾವ ಹಂಗಾಮಿನ ಗೋಧಿ ಅನ್ನುವ ವರ್ಷ. ಅಲ್ಲಿಂದ ಆಹಾರ ನಿಗಮದ ಉಗ್ರಾಣ, ರೈಲು, ರೇಷನ್ ಅಂಗಡಿ, ಆಮೇಲೆ ಈ ಗೋದಾಮು. ಇನ್ನು ಮಂದ್ರೂಪದ ಹೊಲ, ಹೈದರಾಬಾದಿನ ಪೇಟೆ.

ಪೇಟೆಗೆ ಬರುವ ಹಳೇ ಗೋಣಿಚೀಲ ಈಚೆಗೆ ಕಡಿಮೆಯಾದದ್ದೇಕೆ ಅಂತ ಕೇಳಿದರೆ ಸಾವ್ಕಾರರು ಮೊದಲು ಬೈದದ್ದು ಪ್ಲಾಸ್ಟಿಕ್ಕನ್ನು. ಸೊಲ್ಲಾಪುರ ಸಕ್ಕರೆಯ ಜಿಲ್ಲೆ. ಮಂದ್ರೂಪದಿಂದ ಭಂಡಾರಕವಠೆಯ ಕಾರ್ಖಾನೆ ಹತ್ತಿರ, ಇತ್ತ ಕುಮಠೆಯಲ್ಲಿ ಸಿದ್ಧೇಶ್ವರ ಕಾರ್ಖಾನೆ. ಹಿಂದೆ ಸಕ್ಕರೆಯ ಗೋಣಿ ಅಂದರೆ ಹಳೇ ಚೀಲದವರಿಗೆ ಹಬ್ಬ; ನೇಯ್ಗೆ ಒತ್ತಾಗಿ ಬಾಳಿಕೆ ಬರುವಂಥದ್ದು. 1987ರ ಸೆಣಬಿನ ಕಡ್ಡಾಯ ಕಾಯ್ದೆ ಇಂದಿಗೂ ಇದೆ. ಅದರ ಪ್ರಕಾರ ಸರ್ಕಾರ ಹೊರಡಿಸುವ ಆದೇಶದಲ್ಲಿ ಧಾನ್ಯಕ್ಕೆ ಶೇ. 100 ಅಂತಿದ್ದರೆ ಸಕ್ಕರೆಗೆ ಶೇ. 20ಕ್ಕೆ ಇಳಿದಿದೆ. ಉಳಿದ 80 ಪ್ಲಾಸ್ಟಿಕ್ ಚೀಲದಲ್ಲಿ ಹೋಗಬಹುದು. ಕಾರ್ಖಾನೆಗೆ ಅಗ್ಗ. ಅದರ ಬೆಲೆ ತೆರುವವರು ಉಳ್ಳಾಗಡ್ಡಿಯವರು.

ಧಾನ್ಯದ ಚೀಲಕ್ಕೂ ಈಗ ಪೈಪೋಟಿ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಬಂಗಾಳದ ಗಿರಣಿಗಳು ನಿಂತಾಗ ಗೋಧಿ ಖರೀದಿಗೆ ಗೋಣಿ ಸಾಲದೆ ಕೇಂದ್ರ ಸರ್ಕಾರವೇ ಪ್ಲಾಸ್ಟಿಕ್ ಚೀಲಕ್ಕೂ ಒಮ್ಮೆ ಬಳಸಿದ ಚೀಲಕ್ಕೂ ಅನುಮತಿ ಕೊಟ್ಟಿತು. ಛತ್ತೀಸಗಡದಲ್ಲಿ ಭತ್ತ ಮಾರಲು ಬರುವ ರೈತರೇ ಹಳೇ ಚೀಲ ತರಬೇಕಾಯಿತು. ಅಂದರೆ ಒಂದು ಕಾಲದಲ್ಲಿ ಯಾರೂ ಕೇಳದೆ ಪೇಟೆಗೆ ಹರಿದುಬರುತ್ತಿದ್ದ ಒಮ್ಮೆ ಬಳಸಿದ ಮಾಲಿಗೆ ಸರ್ಕಾರವೇ ಗಿರಾಕಿ. ದೇಶ ವಿಭಜನೆಯಾದಾಗ ಸೆಣಬು ಬೆಳೆಯುವ ಹೊಲಗಳ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ, ಗಿರಣಿಗಳು ಕಲ್ಕತ್ತೆಗೆ ಹಂಚಿಹೋದ ಕಷ್ಟ ಓದಿ ಗೊತ್ತಿತ್ತು. ಈಗಿನದು ಅಷ್ಟು ದೊಡ್ಡದಲ್ಲ, ನಿಜ. ಹಂಗಾಮಿಗೆ ಆರುನೂರು ಚೀಲ ಬೇಕಾದವನಿಗೆ ಅದೇ ದೊಡ್ಡದು.

ಇನ್ನು ವ್ಯವಹಾರ. ಅದನ್ನೇ ನೋಡಲು ಬಂದದ್ದು.

‘ಸಾವ್ಕಾರ್ರ, ಚೀಲ ಅದಾವೇನ್ರಿ?’ ಕಾಕಾ ಕೇಳಿದರು. ಮಾಡಿನವರೆಗೆ ಒಟ್ಟಿದ ಗಂಟುಗಳ ನಡುವೆ ನಿಂತು ಕೇಳಿದ ಪ್ರಶ್ನೆ.

‘ಎಲ್ಲಿ ಅದಾವ್ರೀ,’ ಅಂದರು ಸಾವ್ಕಾರರು. ‘ಇದೆಲ್ಲಾ ಹೆಸರು ಹತ್ತಿದ್ದು.’

ನಾನು ನಕ್ಕೆ, ಇಬ್ಬರೂ ನಗಲಿಲ್ಲ. ಅದು ನಿಜವೇ ಆಗಿತ್ತು. ಗಲ್ಲೆಯ ಹಿಂದೆ ಒಂದು ಕೆಂಪು ಖಾತೆ ಪುಸ್ತಕ. ಊರಿಗೊಂದು ಪುಟ. ಯಾರು ಹೋದ ವರ್ಷ ಎಷ್ಟು ಒಯ್ದರು, ಯಾವಾಗ ರೊಕ್ಕ ಕೊಟ್ಟರು, ಇಸಾರ ಅಂದರೆ ಮುಂಗಡ ಕೊಟ್ಟು ಬಾರದೇ ಹೋದವರು ಯಾರು, ಎಲ್ಲ ಅದರಲ್ಲಿ. ಮಾಲು ಕಡಿಮೆ ಇದ್ದಾಗ ಹಂಚುವ ಕ್ರಮ ಆ ಪುಸ್ತಕದ್ದು. ಮೊದಲು ಹೋದ ವರ್ಷದ ಗಿರಾಕಿ, ಆಮೇಲೆ ಇಸಾರ ಇಟ್ಟವನು, ಕೊನೆಗೆ ನಗದು ಹಿಡಿದು ಬಂದ ಹೊಸಬ. ಹೆಚ್ಚು ರೊಕ್ಕ ಕೊಡುತ್ತೇನೆಂದು ಬರುವ ಹೊಸಬನಿಗೆ ಯಾಕೆ ಕೊಡುವುದಿಲ್ಲ ಅಂತ ಕೇಳಿದೆ. ‘ಅಂವಾ ಮುಂದಿನ ವರ್ಷ ಸೋವಿ ಇದ್ದಾಗ ಬರಾಂಗಿಲ್ಲಲ್ರೀ,’ ಅಂದರು. ಸೋವಿ ಅಂದರೆ ಅಗ್ಗ. ಒಂದು ವರ್ಷದ ಲಾಭಕ್ಕೆ ಹತ್ತು ವರ್ಷದ ಗಿರಾಕಿಯನ್ನು ಕಳೆದುಕೊಳ್ಳುವ ಹುಚ್ಚು ಅವರಿಗಿಲ್ಲ. ಇದನ್ನು ಉದಾರತೆ ಅನ್ನಲಾರೆ, ಆದರೆ ಹರಾಜಿಗಿಂತ ವಾಸಿ.

ಕಾಕಾನ ಹೆಸರು ಪುಸ್ತಕದಲ್ಲಿತ್ತು. ಹೀಗಾಗಿ ಇಲ್ಲ ಅನ್ನುವ ಮಾತು ಬೇಗ ಮುಗಿದು ಎಷ್ಟು, ಯಾವುದು, ಯಾವ ದರ ಅನ್ನುವುದಕ್ಕೆ ಬಂತು. ಸಾವ್ಕಾರರ ಮೊದಲ ಷರತ್ತು ಕೂಡಿಸಿ ಒಯ್ಯುವುದು: ಒಂದನೇ ನಂಬರು ಬೇಕಾದರೆ ಅದರ ಜೊತೆ ಠಿಗಳದ್ದೂ ಇಷ್ಟು. ಎರಡನೆಯ ಷರತ್ತು ಇನ್ನೂ ಜಾಣತನದ್ದು. ಇಸಾರ ಇಟ್ಟರೆ ಚೀಲ ನಿಮ್ಮ ಹೆಸರಿಗೆ, ದರ ಮಾತ್ರ ಒಯ್ಯುವ ದಿನದ್ದು. ಹಳೇ ಗೋಣಿ ಮೂವತ್ತು ನಲವತ್ತು ರೂಪಾಯಿಯ ಆಚೀಚೆ ಆಡುವ ಮಾಲು. ದೀಪಾವಳಿ ಆದ ಮೇಲೆ ಅದು ಎತ್ತ ಆಡುತ್ತದೆ ಅನ್ನುವುದು ಇಬ್ಬರಿಗೂ ಗೊತ್ತು.

ಇಲ್ಲಿ ಕಾಕಾ ಮಾಡಿದ್ದು ಬರೆದಿಡುವಂಥದ್ದು. ಅವರು ದರದ ಮೇಲೆ ಜಗ್ಗಾಡಲಿಲ್ಲ. ಅರ್ಧ ಮಾಲನ್ನು ಅಂದೇ, ಅಂದಿನ ದರಕ್ಕೆ, ನಗದು ಕೊಟ್ಟು ಎತ್ತುತ್ತೇನೆ ಅಂದರು. ಉಳಿದರ್ಧಕ್ಕೆ ಇಸಾರ, ದೀಪಾವಳಿಯೊಳಗೆ ಒಯ್ಯದಿದ್ದರೆ ಇಸಾರ ಮುಳುಗಿತು, ಒಯ್ದರೆ ದರ ಇಂದಿನದಕ್ಕಿಂತ ಇಷ್ಟೇ ರೂಪಾಯಿ ಹೆಚ್ಚು, ಅದರ ಮೇಲಿಲ್ಲ. ಹಂಗಾಮಿಗೆ ಮುಂಚೆ ಕೈಗೆ ನಗದು ಬರುವುದು ಗೋದಾಮಿನವರಿಗೂ ಬೇಕು. ಅವರೂ ಹೈದರಾಬಾದಿನಿಂದ, ಬೇಳೆ ಗಿರಣಿಗಳಿಂದ ಮಾಲು ಎತ್ತಬೇಕಲ್ಲ. ಠಿಗಳದ್ದು ಕೂಡಿಸುವುದಕ್ಕೂ ಕಾಕಾ ಒಪ್ಪಿದರು, ಆದರೆ ಬೇರೆ ಗಂಟಾಗಿ, ಬೇರೆ ದರಕ್ಕೆ. ಸಣ್ಣ ಗಡ್ಡೆಯ ಮಾಲಿಗೆ ಅದು ನಡೆಯುತ್ತದೆ.

ಚೀಟಿಯಲ್ಲಿ ಎಲ್ಲ ಬರೆಸಿದರು: ನಂಬರು, ಎಣಿಕೆ, ದರ, ಗಡುವು, ಇಸಾರದ ಮೊತ್ತ. ‘ಬಾಯಿ ಮಾತಿನ ಮ್ಯಾಲ ನಡೀತದಲ್ಲ ಕಾಕಾ,’ ಅಂದರು ಸಾವ್ಕಾರರು. ‘ನಡೀತದ, ನೀವೂ ನಾನೂ ಇರೋ ತನಾ. ಹುಡುಗರು ಓದ್ಲಿಕ್ಕೆ ಚೀಟಿ ಬೇಕ,’ ಅಂದರು ಇವರು.

ಆಮೇಲೆ ಎಣಿಕೆ. ಗಂಟು ಬಿಚ್ಚದೆ ಮೇಲಿನ ನಾಲ್ಕು ನೋಡಿ ಹೋಗುವವರು ಬಹಳ. ಗಂಟಿನ ಮೇಲೂ ಕೆಳಗೂ ಒಳ್ಳೆಯದು ಇಟ್ಟು ನಡುವೆ ಹರಿದದ್ದು ಸೇರಿಸುವುದು ಎಲ್ಲ ಪೇಟೆಯಲ್ಲೂ ಇರುವ ಹಳೇ ವಿದ್ಯೆ. ಕಾಕಾ ನಡುವಿನಿಂದ ಎಳೆದರು. ಅವರು ನೋಡಿದ ಕ್ರಮ ಹೀಗೆ: ಮೊದಲು ಬಾಯಿಯ ಅಂಚು, ಯಾಕೆಂದರೆ ಹೊಲಿಗೆ ನಿಲ್ಲುವುದು ಅಲ್ಲಿ, ಆಮೇಲೆ ಕೆಳಗಿನ ಎರಡು ಮೂಲೆ, ಹಮಾಲನ ಕೈ ಬೀಳುವುದು ಅಲ್ಲಿ, ಆಮೇಲೆ ಎರಡು ಕೈಯಲ್ಲಿ ಹಿಡಿದು ಜಗ್ಗುವುದು. ನೆನೆದು ಮೆತ್ತಗಾದ ಗೋಣಿ ಆ ಜಗ್ಗಿಗೆ ಚರ್ ಅನ್ನುತ್ತದೆ. ಕೊನೆಗೆ ಮೂಗು. ಔಷಧಿ ಹಚ್ಚಿದ ಬಿತ್ತನೆ ಬೀಜದ ಚೀಲ ಬಂದಿದ್ದರೆ ಬಣ್ಣದ ಕಲೆ, ಕಮಟು ವಾಸನೆ ಎರಡೂ ಇರುತ್ತವೆ. ಅಂಥದ್ದು ಒಂದು ಸಿಕ್ಕಿತು. ಸಾವ್ಕಾರರು ಮಾತಾಡದೆ ಎತ್ತಿ ಹೊರಗೆ ಒಗೆದರು. ತಿನ್ನುವ ಮಾಲಿಗೆ ಆ ಚೀಲ ಯಾವ ದರಕ್ಕೂ ಬೇಡ. ಉಪ್ಪಿನದೂ ಬೇಡ, ಗಾಳಿಯ ತೇವ ಎಳೆದುಕೊಂಡು ಗಡ್ಡೆಯನ್ನು ಹಸಿ ಮಾಡುತ್ತದೆ.

ಮಂದ್ರೂಪಕ್ಕೆ ಮಾಲು ಹೋದದ್ದು ತರಕಾರಿ ಇಳಿಸಿ ಖಾಲಿ ಮರಳುತ್ತಿದ್ದ ಟೆಂಪೊದಲ್ಲಿ, ಬಾಡಿಗೆ ಅರ್ಧ. ಮನೆಯಲ್ಲಿ ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟಬೇಕು, ನಡುನಡುವೆ ಬೇವಿನ ಸೊಪ್ಪು, ಗೊಬ್ಬರದ ಚೀಲ ದೂರ. ಇಲಿ ಒಂದು ರಾತ್ರಿಯಲ್ಲಿ ಒಂದನೇ ನಂಬರನ್ನು ಮೂರನೆಯದು ಮಾಡಬಲ್ಲದು.

ನಾನು ಸೊಲ್ಲಾಪುರದಲ್ಲೇ ಉಳಿದೆ, ಹಳೇ ಬ್ಯಾರಲ್ಲುಗಳ ವ್ಯಾಪಾರ ನೋಡಲು ಅಕ್ಕಲಕೋಟ ರಸ್ತೆಯ ಕಡೆ ಹೋಗುವುದಿತ್ತು. ಆ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಚಾದರ, ಟವೆಲ್ಲಿನ ಮಗ್ಗಗಳು, ಅವಕ್ಕೆ ಬಣ್ಣ ಹಾಕುವ ಘಟಕಗಳು. ರಸ್ತೆ ಬದಿಯ ಹಳೇ ಸಾಮಾನಿನ ಅಂಗಳಗಳಲ್ಲಿ ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಬ್ಯಾರಲ್ಲು, ಕಬ್ಬಿಣದ ಡ್ರಮ್ಮು, ಬಿಳಿ ಕ್ಯಾನುಗಳು ಸಾಲಾಗಿ ನಿಂತಿರುತ್ತವೆ. ಬೇಸಿಗೆ ಬಂದರೆ ಇವಕ್ಕೂ ಚೀಲದಷ್ಟೇ ನೂಕುನುಗ್ಗಲು, ಯಾಕೆಂದರೆ ಟ್ಯಾಂಕರ್ ನೀರು ಹಿಡಿದಿಡಲು ಹಳ್ಳಿಯವರಿಗೆ ಬೇಕು.

ಇಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿ. ಗೋಣಿಯಲ್ಲಿ ತಪ್ಪಿದರೆ ಮಾಲು ಹೋದೀತು, ಬ್ಯಾರಲಿನಲ್ಲಿ ತಪ್ಪಿದರೆ ಜೀವಕ್ಕೇ ಬಂದೀತು. ‘ತೊಳದೀವ್ರೀ, ಸೋಡಾ ಹಾಕಿ ತೊಳದೀವಿ’ ಅನ್ನುವ ಭರವಸೆಗೆ ಬೆಲೆಯಿಲ್ಲ. ಬಣ್ಣ, ಆಮ್ಲ, ಕೀಟನಾಶಕ ತುಂಬಿದ್ದ ಪ್ಲಾಸ್ಟಿಕ್ ಅದನ್ನು ಹೀರಿಕೊಂಡಿರುತ್ತದೆ, ನೀರಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಬ್ಯಾರಲ್ಲು 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ; ಮಾಲಿನ್ಯ ಮಂಡಳಿಯ ಅನುಮತಿ ಪಡೆದವರಿಗೇ ಕೊಡಬೇಕು. ರಸ್ತೆ ಬದಿಗೆ ಅದು ಹೇಗೆ ಬಂತು ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಚೀಟಿ ಕೆರೆದು ತೆಗೆದ ಬ್ಯಾರಲ್ಲು ಬೇಡವೇ ಬೇಡ. ಒಳ್ಳೆಯ ಮಾಲಿನ ಚೀಟಿ ಕೆರೆಯುವ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ. ಹಣ್ಣಿನ ರಸ, ಗ್ಲೂಕೋಸ್ ಪಾಕ ಬಂದ ಬ್ಯಾರಲ್ಲು ಚೀಟಿಯ ಸಮೇತ, ಬಿಲ್ಲಿನ ಸಮೇತ ಸಿಕ್ಕರೆ ಮಾತ್ರ ಕೊಳ್ಳಿ, ಇಲ್ಲವಾದರೆ ಹೊಸದು ಸಾಲ ಮಾಡಿ ತಂದರೂ ಅಗ್ಗವೇ. ಕಬ್ಬಿಣದ ಡ್ರಮ್ಮನ್ನು ಗ್ಯಾಸಿನಿಂದ ಕೊಯ್ಯಿಸುವಾಗ ಒಳಗುಳಿದ ಆವಿ ಹೊತ್ತಿ ಸಿಡಿದು ಸತ್ತವರ ಸುದ್ದಿ ದೇಶದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಎಣ್ಣೆ ಡಬ್ಬಿಯ ಮಾತೂ ಹಾಗೇ: ಒಮ್ಮೆ ಬಳಸಿದ ತಗಡಿನ ಡಬ್ಬಿಗೆ ಮತ್ತೆ ಆಹಾರ ತುಂಬಿ ಮಾರುವಂತಿಲ್ಲ ಅಂತ ಆಹಾರ ಸುರಕ್ಷತೆಯ ನಿಯಮವಿದೆ.

ಅದೇ ರಸ್ತೆಯಲ್ಲಿ ಅಕ್ಕಲಕೋಟ ದಾಟಿ ಮುಂದೆ ಹೋದರೆ ಗಡಿಯ ಅಂಚಿನಲ್ಲಿ ದುಧನಿ. ಮಾರುಕಟ್ಟೆಯ ಮಾತೆಲ್ಲ ಕನ್ನಡ. ತೊಗರಿ, ಉದ್ದು ಬರುವ ಪೇಟೆಯಾದ್ದರಿಂದ ಗೋಣಿಯ ಓಡಾಟ ಇಲ್ಲಿ ಇನ್ನೂ ಇದೆ. ಕಲಬುರಗಿಯ ಬೇಳೆ ಗಿರಣಿಗಳೂ ದೂರವಲ್ಲ. ಉಳ್ಳಾಗಡ್ಡಿಯವರು ಸೊಲ್ಲಾಪುರದಲ್ಲಿ ಸಿಗದಿದ್ದಾಗ ಇತ್ತ ತಿರುಗುತ್ತಾರೆ. ತೊಗರಿಯ ಚೀಲ ಒಣ ಮಾಲಿನದು, ಗಟ್ಟಿ ಇರುತ್ತದೆ. ಆದರೆ ತೊಗರಿಯ ರಾಶಿ ಶುರುವಾಗುವ ಹೊತ್ತಿಗೆ ಅಲ್ಲಿಯವರಿಗೇ ಚೀಲ ಬೇಕು. ಹೋಗುವುದಾದರೆ ಮುಂಚೆಯೇ ಹೋಗಬೇಕು.

ಸಂಜೆ ಕಾಕಾ ಫೋನು ಮಾಡಿ ಚೀಲ ಮನೆ ಸೇರಿದ ಸುದ್ದಿ ಹೇಳಿದರು. ಖರ್ಚು ಎಲ್ಲಿ ಬರೆದಿರಿ ಅಂತ ಕೇಳಿದೆ. ‘ಎಲ್ಲಿ ಬರೀಲಿ? ಪಟ್ಟಿಯೊಳಗ ಅದು ಬರಾಂಗೇ ಇಲ್ಲ’ ಅಂದರು.

ಪಟ್ಟಿ ಅಂದರೆ ಮಾಲು ಮಾರಿದ ಮೇಲೆ ರೈತನ ಕೈಗೆ ಬರುವ ಲೆಕ್ಕದ ಚೀಟಿ. 2023ರ ಫೆಬ್ರುವರಿಯಲ್ಲಿ ಇದೇ ಸೊಲ್ಲಾಪುರ ಪೇಟೆಯ ಒಂದು ಪಟ್ಟಿ ದೇಶವೆಲ್ಲ ಸುದ್ದಿಯಾಯಿತು. ಬಾರ್ಶಿ ತಾಲ್ಲೂಕಿನ ರೈತರೊಬ್ಬರು ತಂದದ್ದು 10 ಚೀಲ, 512 ಕಿಲೋ. ದರ ಕಿಲೋಗೆ 1 ರೂಪಾಯಿ. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಕಡಿದು ಉಳಿದದ್ದು 2 ರೂಪಾಯಿ 49 ಪೈಸೆ; ಕೊಟ್ಟ ಚೆಕ್ಕು 2 ರೂಪಾಯಿಯದು. ಎಲ್ಲರೂ ಎರಡು ರೂಪಾಯಿಯ ಬಗ್ಗೆ ಬರೆದರು. ಆ ಹತ್ತು ಚೀಲ ಹಳೆಯವೇ ಅಂತ ಹಿಡಿದು, ಒಂದಕ್ಕೆ ಮೂವತ್ತು ರೂಪಾಯಿ ಅಂದರೂ ಮುನ್ನೂರು ರೂಪಾಯಿ ಆದವು. ಗಡ್ಡೆಯ ಜೊತೆ ಅವೂ ಹೋದವು. ಆ ಲೆಕ್ಕ ಯಾರೂ ಹಾಕಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಫ್ತು ನಿಲ್ಲಿಸಿ ದರ ಮತ್ತೆ ಕುಸಿದಾಗಲೂ ಹೀಗೇ: ಗಡ್ಡೆಯ ದರ ದಿನದಿನಕ್ಕೆ ಇಳಿಯಿತು, ರೈತ ಮುಂಚೆಯೇ ಕೊಂಡಿಟ್ಟ ಚೀಲದ ಖರ್ಚು ಇಳಿಯಲಿಲ್ಲ.

ಸೊಲ್ಲಾಪುರದ ಬಾಜಾರ ಸಮಿತಿಯವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹಮಾಲಿಗೆ ಒಂದು ಸಾಲು ಇರುವಂತೆ ಪಟ್ಟಿಯಲ್ಲಿ ಬಾರದಾನಕ್ಕೂ ಒಂದು ಸಾಲು ಹಾಕಲಿ. ಚೀಲ ರೈತನದಾದರೆ ಖರೀದಿದಾರ ಅದರ ಬೆಲೆ ಕೊಡಲಿ, ಇಲ್ಲವೇ ಚೀಲ ಹಿಂದಿರುಗಿಸಲಿ. ಅದು ಆಗುವವರೆಗೆ ಮಂದ್ರೂಪದವರು, ಅಕ್ಕಲಕೋಟದವರು, ಇಂಡಿ ಚಡಚಣದಿಂದ ಬರುವವರು ಗಣಪತಿ ಹಬ್ಬ ಆದ ಕೂಡಲೇ ಚೀಲ ಹಿಡಿಯಿರಿ, ಅರ್ಧ ನಗದಿಗೆ ಎತ್ತಿರಿ, ಉಳಿದದ್ದಕ್ಕೆ ದರ ಬರೆಸಿಕೊಳ್ಳಿರಿ, ಗಂಟಿನ ನಡುವಿನಿಂದ ಎಳೆದು ನೋಡಿರಿ. ಅಡತ್ಯಾನ ಪುಕ್ಕಟೆ ಚೀಲ ಎಲ್ಲಕ್ಕಿಂತ ತುಟ್ಟಿಯದು.